ಮಿಶ್ರ ಭಾಷೆಗಳನ್ನೇ ನಂಬಿಕೊಂಡು ಸಂಶೋಧನೆಗೆ ಇಳಿಯಬಹುದಾ?

ಎರಡುದೋಣಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಭಾಷಾವಿಜ್ಞಾನದಲ್ಲಿ ಎಂಎ ಮುಗಿಸುವ ಹಂತದಲ್ಲಿದ್ದೇನೆ. ಕಳೆದ ವರ್ಷ ಮಿಚಿಫ್ ಬಗ್ಗೆ ಓದಿದ ಮೇಲೆ ತಲೆ ಕೆಟ್ಟಿದೆ. ಗೊತ್ತಿಲ್ಲದವರಿಗೆ: ಕೆನಡಾದ ಮೇಟಿ ಜನರ ಭಾಷೆ ಅದು, ಅಮೆರಿಕದ ನಾರ್ತ್ ಡಕೋಟಾದಲ್ಲೂ ಇದೆ. ಕ್ರಿಯಾಪದಗಳು ಬಹುತೇಕ ಕ್ರೀ ಅನ್ನುವ ಅಲ್ಲಿನ ಮೂಲನಿವಾಸಿಗಳ ಭಾಷೆಯವು, ನಾಮಪದಗಳು ಹೆಚ್ಚುಕಡಿಮೆ ಎಲ್ಲವೂ ಫ್ರೆಂಚಿನವು, ಅದೂ ಲಿಂಗ, ಆರ್ಟಿಕಲ್ ಸಮೇತ. ಒಂದೇ ವಾಕ್ಯದಲ್ಲಿ ಎರಡು ವ್ಯಾಕರಣ ಜಗಳವಾಡದೆ ಕೂತಿವೆ. ಇದು ಹೇಗೆ ಸಾಧ್ಯ ಅಂತ ರಾತ್ರಿಯೆಲ್ಲ ಕೂತು ಓದಿದ್ದೇನೆ.

ಈಗ ಸಮಸ್ಯೆ. ಇದರ ಮೇಲೆ ಪಿಎಚ್‌ಡಿ ಮಾಡುತ್ತೇನೆ ಅಂದರೆ ನಮ್ಮ ಮೇಷ್ಟ್ರು ನಕ್ಕರು. 'ಇಡೀ ಪ್ರಪಂಚದಲ್ಲಿ ಎಲ್ಲರೂ ಒಪ್ಪುವ ಮಿಶ್ರ ಭಾಷೆಗಳನ್ನು ಬೆರಳಲ್ಲಿ ಎಣಿಸಬಹುದು, ಅದರಲ್ಲಿ ಅರ್ಧ ಸಾಯುತ್ತಿವೆ, ನಿನಗೆ ಕೆಲಸ ಯಾರು ಕೊಡುತ್ತಾರೆ' ಅಂದರು. ಮನೆಯಲ್ಲಂತೂ ಕೇಳಲೇಬೇಡಿ. ಈ ದಾರಿಯಲ್ಲಿ ನಿಜವಾಗಿ ನಡೆದವರು ಯಾರಾದರೂ ಇದ್ದರೆ ಹೇಳಿ, ದಿನಾ ಮಾಡುವ ಕೆಲಸ ಏನು? ಕೊನೆಗೆ ಹೊಟ್ಟೆಪಾಡು ಹೇಗೆ? ಇನ್ನೊಂದು ದಡ್ಡ ಪ್ರಶ್ನೆ, ಇದಕ್ಕೂ ನಾವು ದಿನಾ ಕನ್ನಡ ಇಂಗ್ಲಿಷ್ ಬೆರೆಸಿ ಮಾತಾಡುವುದಕ್ಕೂ ಏನು ವ್ಯತ್ಯಾಸ? ಸಂದರ್ಶನದಲ್ಲಿ ಕೇಳಿದರೆ ಏನು ಹೇಳಬೇಕೋ ಗೊತ್ತಿಲ್ಲ.

---

ಹಳೇರೆಕಾರ್ಡರ್ ಉತ್ತರಿಸಿದ್ದು:

ಹದಿನೈದು ವರ್ಷದಿಂದ ಇದೇ ಕೆಲಸ. ಯಾವ ಭಾಷೆ ಅಂತ ಹೇಳುವುದಿಲ್ಲ, ಆಡುವವರು ಅಷ್ಟು ಕಡಿಮೆ, ಹೇಳಿದರೆ ನಾನು ಯಾರು ಅಂತ ಗೊತ್ತಾಗಿಬಿಡುತ್ತದೆ.

ನಿಮ್ಮ ಮೇಷ್ಟ್ರು ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಒಂದು ಮಾತು ಅವರು ಹೇಳಲಿಲ್ಲ. ಈ ಕ್ಷೇತ್ರದ ದೊಡ್ಡ ಹೆಸರುಗಳಲ್ಲಿ ಬಹಳ ಜನ 'ನಾನು ಮಿಶ್ರ ಭಾಷೆ ಹುಡುಕುತ್ತೇನೆ' ಅಂತ ಹೊರಟವರೇ ಅಲ್ಲ. ಪೀಟರ್ ಮೌಸ್ಕೆನ್ ಈಕ್ವೆಡಾರಿಗೆ ಹೋಗಿದ್ದು ಕಿಚುವಾ ಭಾಷೆಯ ವಾಕ್ಯರಚನೆ ನೋಡಲು, 1977ರ ಅವರ ಪಿಎಚ್‌ಡಿಯೂ ಅದರ ಮೇಲೆಯೇ. ಸಾಲ್ಸೆಡೋ ಸುತ್ತಮುತ್ತ ಕೆಲಸ ಮಾಡುವಾಗ ಸಿಕ್ಕಿದ್ದು ಮೀಡಿಯಾ ಲೆಂಗುವಾ, ಕಿಚುವಾ ವ್ಯಾಕರಣದ ಮೇಲೆ ಸ್ಪ್ಯಾನಿಷ್ ಪದಗಳು ಕೂತ ಭಾಷೆ. ಮಾರ್ಟನ್ ಮೌಸ್ ಮೊದಲು ಟಾಂಜಾನಿಯಾದ ಇರಾಕ್ವ್ ಎಂಬ ಕುಶಿಟಿಕ್ ಕುಟುಂಬದ ಭಾಷೆಯ ವ್ಯಾಕರಣ ಬರೆದವರು. ಕುಶಿಟಿಕ್ ಗೊತ್ತಿದ್ದುದರಿಂದಲೇ ಉಸಂಬರಾ ಬೆಟ್ಟದ ಮಆ ಭಾಷೆಯಲ್ಲಿ ಬಂಟು ಕುಟುಂಬದ ವ್ಯಾಕರಣದ ಮೇಲೆ ಬೇರೆ ಕಡೆಯ ಪದಗಳು ಕೂತಿರುವುದನ್ನು ಬಿಡಿಸಿ ತೋರಿಸಲು ಆಯಿತು. ಕಾರ್ಮೆಲ್ ಓಶಾನೆಸಿ ಆಸ್ಟ್ರೇಲಿಯಾದ ಲಜಮಾನುವಿನಲ್ಲಿ ಮಕ್ಕಳು ವಾರ್ಲ್‌ಪಿರಿ ಹೇಗೆ ಕಲಿಯುತ್ತಾರೆ ಅಂತ ನೋಡುತ್ತಿದ್ದರು. ಮಕ್ಕಳು ಆಡುತ್ತಿದ್ದುದು ಬೇರೆಯೇ ಏನೋ ಆಗಿತ್ತು, ವಾರ್ಲ್‌ಪಿರಿ, ಇಂಗ್ಲಿಷ್, ಕ್ರಿಯೋಲ್ (ಇಂಗ್ಲಿಷ್ ಪದಗಳಿಂದ ಹುಟ್ಟಿದ ಅಲ್ಲಿನ ಭಾಷೆ) ಮೂರೂ ಬೆರೆತದ್ದು. ಅದಕ್ಕೆ ಈಗ ಲೈಟ್ ವಾರ್ಲ್‌ಪಿರಿ ಅಂತ ಹೆಸರು. ಫೆಲಿಸಿಟಿ ಮೀಕಿನ್ಸ್ ಗುರಿಂಜಿ ಜನರ ಜೊತೆ ಊರಿನ ಭಾಷಾ ಕೆಲಸ ಮಾಡುತ್ತಿದ್ದವರು, ಗುರಿಂಜಿಯೂ ಕ್ರಿಯೋಲೂ ಬೆರೆತ ಗುರಿಂಜಿ ಕ್ರಿಯೋಲ್ ಮೇಲಿನ ಪಿಎಚ್‌ಡಿ ಬಂದಿದ್ದು ಆಮೇಲೆ.

ಅಂದರೆ ಹೋದವರು ಒಂದಕ್ಕೆ, ಸಿಕ್ಕಿದ್ದು ಇನ್ನೊಂದು. ಆದರೆ ಅದು ಕಣ್ಣಿಗೆ ಬೀಳಬೇಕಾದರೆ ಮೂಲ ಭಾಷೆಗಳಲ್ಲಿ ಒಂದಾದರೂ ಚೆನ್ನಾಗಿ ಗೊತ್ತಿರಬೇಕಿತ್ತು. ಹಾಗಾಗಿ ನೀವು ಅರ್ಜಿಯಲ್ಲಿ 'ಮಿಶ್ರ ಭಾಷೆ' ಅಂತ ಬರೆಯಬೇಡಿ. 'ಇಂಥ ಭಾಷೆ, ಇಂಥ ಪ್ರದೇಶ, ಇಲ್ಲಿ ಎರಡು ಭಾಷೆಗಳ ಒಡನಾಟದಲ್ಲಿ ವಿಭಕ್ತಿ ಏನಾಗಿದೆ' ಅಂತ ಬರೆಯಿರಿ. ಕೆಲಸ ಕೊಡುವ ವಿಭಾಗಕ್ಕೂ ಧ್ವನಿವಿಜ್ಞಾನ, ವಾಕ್ಯರಚನೆ, ಸಮಾಜ ಭಾಷಾವಿಜ್ಞಾನ ಪಾಠ ಮಾಡುವವರು ಬೇಕು. ಮಿಶ್ರ ಭಾಷೆ ತಜ್ಞರು ಬೇಕಾಗಿದ್ದಾರೆ ಅನ್ನುವ ಜಾಹೀರಾತು ನಾನಂತೂ ಇಷ್ಟು ವರ್ಷದಲ್ಲಿ ನೋಡಿಲ್ಲ.

ದಿನದ ಕೆಲಸ ಕೇಳಿದಿರಿ. ಕೂತು ಕೇಳುವುದು, ಬರೆಯುವುದು, ಮತ್ತೆ ಕೇಳುವುದು. ಈಲಾನ್‌ನಲ್ಲಿ ಧ್ವನಿಯ ಜೊತೆ ಸಾಲು ಸಾಲಾಗಿ ಬರೆಯುತ್ತೇವೆ, ಪ್ರಾಟ್‌ನಲ್ಲಿ ಸ್ವರ ಅಳೆಯುತ್ತೇವೆ, ಫ್ಲೆಕ್ಸ್‌ನಲ್ಲಿ ನಿಘಂಟು ಬೆಳೆಸುತ್ತೇವೆ, ಮೂರೂ ಸಾಫ್ಟ್‌ವೇರ್‌ಗಳು. ಶುರುವಿನಲ್ಲಿ ನನಗೆ ಒಂದು ನಿಮಿಷದ ಮಾತು ಬಿಡಿಸಲು ಒಂದು ಗಂಟೆ ಬೇಕಾಗುತ್ತಿತ್ತು. ಒಮ್ಮೆ ಮೂರು ದಿನದ ರೆಕಾರ್ಡಿಂಗ್ ಪೂರ್ತಿ ಗಾಳಿಯ ಸದ್ದು, ಮೈಕಿಗೆ ಹೊದಿಕೆ ಹಾಕಿರಲಿಲ್ಲ, ಕಥೆ ಹೇಳಿದ ಮುದುಕರ ಹತ್ತಿರ ಹೋಗಿ ಮತ್ತೊಮ್ಮೆ ಹೇಳಿ ಅನ್ನುವಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತ್ತು. ಅವರು ಹೇಳಿದರು, ಪುಣ್ಯ. ಆದರೆ ಎರಡನೇ ಸಲ ಕಥೆ ಅರ್ಧಕ್ಕರ್ಧ ಚಿಕ್ಕದಾಗಿತ್ತು.

ಇನ್ನೊಂದು ಕಷ್ಟ ಯಾವ ಪಠ್ಯದಲ್ಲೂ ಸರಿಯಾಗಿ ಬರುವುದಿಲ್ಲ. ಈ ಭಾಷೆ ಆಡುವವರಿಗೇ ಅದರ ಬಗ್ಗೆ ನಾಚಿಕೆ ಇರುತ್ತದೆ. ಎರಡೂ ಕಡೆಯವರು 'ನಿಮ್ಮದು ಹಾಳಾದ ಭಾಷೆ' ಅಂತ ತಲೆಮಾರುಗಟ್ಟಲೆ ಹೇಳಿರುತ್ತಾರೆ. ಮೊದಲ ತಿಂಗಳು ನನ್ನ ಎದುರು ಯಾರೂ ಅದನ್ನು ಆಡಲೇ ಇಲ್ಲ, ನಾನು ಬಂದ ಕೂಡಲೇ 'ಒಳ್ಳೆಯ' ಭಾಷೆಗೆ ತಿರುಗುತ್ತಿದ್ದರು. ಒಬ್ಬ ಹುಡುಗ ನೇರವಾಗಿ ಕೇಳಿದ, 'ನಮ್ಮನ್ನು ನೋಡಿ ನಗೋಕೆ ಬರೆದುಕೊಂಡು ಹೋಗ್ತಿದೀರಾ?' ಉತ್ತರ ಕೊಡಲು ಬಹಳ ದಿನ ಹಿಡಿಯಿತು.

ಬೆರಕೆ ಮಾತಿಗೂ ಮಿಶ್ರ ಭಾಷೆಗೂ ವ್ಯತ್ಯಾಸ ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಒಬ್ಬ ಅಜ್ಜಿಯಿಂದ. ಒಂದು ವಾಕ್ಯದಲ್ಲಿ ಒಂದೇ ಒಂದು ಪದ ತೆಗೆದು, ಅದೇ ಅರ್ಥದ ಇನ್ನೊಂದು ಭಾಷೆಯ ಪದ ಹಾಕಿ, ಸರಿ ಇದೆಯಾ ಅಂತ ಕೇಳಿದೆ. ಸುಮ್ನೆ ಬೆರಕೆಯಾಗಿದ್ದರೆ ಯಾವುದಾದರೂ ನಡೆಯಬೇಕಲ್ವಾ? ಅಜ್ಜಿ ನಕ್ಕು, 'ಇದು ನಿನ್ನ ಭಾಷೆ ಇರಬೇಕು, ನಮ್ಮದು ಹಾಗಲ್ಲ' ಅಂದರು. ಎಲ್ಲಿ ಯಾವ ಕಡೆಯ ತುಂಡು ಬರಬೇಕು ಅನ್ನುವುದು ಗಟ್ಟಿಯಾಗಿ ನಿಂತಿದ್ದರೆ, ಆಡುವವರು ತಪ್ಪು ಹಿಡಿಯುತ್ತಾರೆ. ಮಿಚಿಫ್ ಆಡುವ ಬಹಳ ಜನರಿಗೆ ಕ್ರೀಯೂ ಬರುವುದಿಲ್ಲ, ಫ್ರೆಂಚೂ ಬರುವುದಿಲ್ಲ, ಅವರ ಇನ್ನೊಂದು ಭಾಷೆ ಇಂಗ್ಲಿಷ್. ಬೆರೆಸಲು ಎರಡು ಡಬ್ಬಿಗಳೇ ಇಲ್ಲದವರು ಬೆರೆಸುತ್ತಿದ್ದಾರೆ ಅನ್ನುವುದು ಹೇಗೆ?

---

ನೇರಮಾತು ಉತ್ತರಿಸಿದ್ದು:

ಬೇಜಾರಾಗಬೇಡಿ, ನನಗೆ ಇದೆಲ್ಲ ಹೆಸರಿಡುವ ಆಟ ಅನ್ನಿಸುತ್ತದೆ. ಯಾವ ಭಾಷೆ ಮಿಶ್ರ ಅಲ್ಲ ಹೇಳಿ? ಇಂಗ್ಲಿಷಿನಲ್ಲಿ ರಾಶಿ ಫ್ರೆಂಚ್. ಕನ್ನಡದಲ್ಲಿ ಸಂಸ್ಕೃತ, ಪ್ರಾಕೃತ, ಪಾರ್ಸಿ, ಪೋರ್ಚುಗೀಸ್, ಈಗ ಇಂಗ್ಲಿಷ್. ಹತ್ತು ಹದಿನೈದು ಭಾಷೆಗೆ ಮಾತ್ರ 'ಮಿಶ್ರ' ಅಂತ ಚೀಟಿ ಅಂಟಿಸಿ ಅದರ ಮೇಲೆ ಜೀವನ ಕಳೆಯುವುದು ಯಾಕೆ? ಹುಡುಗನಿಗೆ ಕೆಲಸ ಸಿಗುವ ವಿಷಯ ಹೇಳಿ.

---

ಹಳೇರೆಕಾರ್ಡರ್ ಉತ್ತರಿಸಿದ್ದು:

ನೇರಮಾತು ಅವರೇ, ನೀವು ಹೇಳಿದ್ದು ಹಳೆಯ ಜಗಳ. ಹತ್ತೊಂಬತ್ತನೇ ಶತಮಾನದ ಭಾಷಾಶಾಸ್ತ್ರಜ್ಞ ಮ್ಯಾಕ್ಸ್ ಮುಲ್ಲರ್ ಮಿಶ್ರ ಭಾಷೆ ಅನ್ನುವುದೇ ಇಲ್ಲ ಎಂದರು. 1884ರಲ್ಲಿ ಇನ್ನೊಬ್ಬ ಭಾಷಾಶಾಸ್ತ್ರಜ್ಞ ಹ್ಯೂಗೋ ಶೂಕಾರ್ಟ್ ಅದನ್ನೇ ತಿರುಗಿಸಿ, ಪೂರ್ತಿ ಬೆರಕೆಯಿಲ್ಲದ ಭಾಷೆಯೇ ಇಲ್ಲ ಎಂದರು. ಇಬ್ಬರ ಮಾತೂ ಹಿಡಿದರೆ ನಮಗೆ ಕೆಲಸವೇ ಇಲ್ಲ ಬಿಡಿ.

ಆದರೆ ಪದ ಸಾಲ ತರುವುದು ಬೇರೆ, ಇದು ಬೇರೆ. ಒಂದು ವಾಕ್ಯ ತೋರಿಸುತ್ತೇನೆ. ಮೌಸ್ಕೆನ್ ದಾಖಲಿಸಿದ ಪ್ರಸಿದ್ಧ ಮೀಡಿಯಾ ಲೆಂಗುವಾ ವಾಕ್ಯ ಇದು. ಅರ್ಥ, 'ಒಂದು ಉಪಕಾರ ಕೇಳಲು ಬರುತ್ತಿದ್ದೇನೆ'.

ಕಿಚುವಾ: ಶುಕ್ ಫಾಬುರ್-ದಾ ಮಾನ್ಯಾ-ಂಗಾಬು ಶಾಮು-ಹು-ನಿ
ಮೀಡಿಯಾ ಲೆಂಗುವಾ: ಉನು ಫಾಬುರ್-ತಾ ಪಿದಿ-ಂಗಾಬು ಬಿನಿ-ಹು-ನಿ
ಸ್ಪ್ಯಾನಿಷ್: ವೆಂಗೋ ಪಾರಾ ಪೆದಿರ್ ಉನ್ ಫಾವೋರ್

ನಡುವಿನ ಸಾಲು ನೋಡಿ. ಉನು, ಫಾಬುರ್, ಪಿದಿ, ಬಿನಿ ನಾಲ್ಕೂ ಸ್ಪ್ಯಾನಿಷ್. ಅಂಟಿಕೊಂಡ ಪ್ರತ್ಯಯ ಒಂದೊಂದೂ ಕಿಚುವಾ. ಪದಗಳ ಸಾಲೂ ಕಿಚುವಾದ್ದೇ. ನಿಘಂಟಿನ ಸುಮಾರು 90% ಹೀಗೆ ಸ್ಪ್ಯಾನಿಷ್. ಸ್ಪ್ಯಾನಿಷ್ ಮಾತ್ರ ಬರುವವನಿಗೆ ಇದು ಅರ್ಥವಾಗುವುದಿಲ್ಲ, ಕಿಚುವಾ ಮಾತ್ರ ಬರುವವನಿಗೂ ಇಲ್ಲ.

ಈಗ ಮಜಾ. ಕನ್ನಡದಲ್ಲಿ ಅದೇ ವಾಕ್ಯ: ಒಂದು ಉಪಕಾರ-ವನ್ನು ಕೇಳ-ಲಿಕ್ಕೆ ಬರು-ತ್ತಿದ್ದೇ-ನೆ. ತುಂಡು ತುಂಡಾಗಿ ಕಿಚುವಾ ಸಾಲಿನ ಮೇಲೆ ಕೂರುತ್ತದೆ, ಕೊನೆಯ 'ನಿ'ಗೆ ನಮ್ಮ 'ನೆ' ಕೂಡ (ಅದು ಬರೀ ಕಾಕತಾಳೀಯ, ಯಾರೂ ದ್ರಾವಿಡರು ಆಂಡೀಸ್‌ಗೆ ಹೋದರು ಅಂತ ವಾಟ್ಸಾಪಿನಲ್ಲಿ ಹಾಕಬೇಡಿ). ಮೀಡಿಯಾ ಲೆಂಗುವಾ ಮಾಡಿದ್ದನ್ನು ನಾವು ಕನ್ನಡ ಇಂಗ್ಲಿಷಿನಲ್ಲಿ ಮಾಡಿದ್ದರೆ ಹೀಗಾಗಬೇಕಿತ್ತು: 'ಒನ್ ಫೇವರನ್ನ ಆಸ್ಕಲಿಕ್ಕೆ ಕಮ್ಮುತ್ತಿದ್ದೇನೆ'.

ಜೋರಾಗಿ ಓದಿ ನೋಡಿ. ನಗು ಬಂತಲ್ವಾ? ಯಾರೂ ಹೀಗೆ ಆಡುವುದಿಲ್ಲ. ಎಷ್ಟೇ ಇಂಗ್ಲಿಷ್ ಬೆರೆಸಿದರೂ ನಾವು 'ಆಸ್ಕುತ್ತೇನೆ' ಅನ್ನುವುದಿಲ್ಲ, 'ಫೋನ್ ಮಾಡುತ್ತೇನೆ', 'ಅಡ್ಜಸ್ಟ್ ಮಾಡಿಕೊ', 'ಕನ್‌ಫರ್ಮ್ ಆಯ್ತು' ಅನ್ನುತ್ತೇವೆ. ಇಂಗ್ಲಿಷ್ ಕ್ರಿಯಾಪದ ಬಾಗಿಲಲ್ಲೇ ನಿಲ್ಲುತ್ತದೆ, ಕೆಲಸ ಮಾಡುವುದು 'ಮಾಡು', 'ಆಗು'. ಬರು, ಹೋಗು, ಕೇಳು, ತಿನ್ನು ಇವುಗಳನ್ನು ಯಾರೂ ಮುಟ್ಟಿಲ್ಲ. ನಮ್ಮದು ಬೆರಕೆ ಮಾತು, ಭರ್ಜರಿ ಬೆರಕೆ, ಆದರೆ ಮನೆ ಇನ್ನೂ ಕನ್ನಡದ್ದೇ. ಮೀಡಿಯಾ ಲೆಂಗುವಾದಲ್ಲಿ ಗೋಡೆ ಒಬ್ಬರದು, ಒಳಗಿನ ಪಾತ್ರೆ ಪಗಡ ಪೂರ್ತಿ ಇನ್ನೊಬ್ಬರದು. ಇಂಗ್ಲಿಷಿಗೂ ಅಷ್ಟೇ, ಫ್ರೆಂಚ್ ಪದ ಎಷ್ಟೇ ಬಂದರೂ ದಿನಬಳಕೆಯ ಪದ, ವ್ಯಾಕರಣದ ಪ್ರತ್ಯಯಗಳು ಬಹುಮಟ್ಟಿಗೆ ಜರ್ಮ್ಯಾನಿಕ್ ಬೇರಿನವೇ. ಅದನ್ನು ವಂಶವೃಕ್ಷದಲ್ಲಿ ಎಲ್ಲಿ ಇಡಬೇಕು ಅಂತ ಯಾರಿಗೂ ಗೊಂದಲ ಇಲ್ಲ. ಮಿಚಿಫ್‌ನ್ನು ಎಲ್ಲಿ ಇಡುತ್ತೀರಿ? 1988ರಲ್ಲಿ ಭಾಷಾವಿಜ್ಞಾನಿಗಳಾದ ಥಾಮಸನ್ ಮತ್ತು ಕೌಫ್‌ಮನ್ ಎತ್ತಿದ ಪ್ರಶ್ನೆ ಇದೇ. ಕೆಲವು ಭಾಷೆಗಳಿಗೆ ಒಂದೇ ತಾಯಿ ಅನ್ನುವ ಲೆಕ್ಕ ಹೊಂದುವುದಿಲ್ಲ.

ಮಿಚಿಫ್ ಯಾಕೆ ಮೀಡಿಯಾ ಲೆಂಗುವಾ ಥರ ಆಗಲಿಲ್ಲ ಅನ್ನುವುದಕ್ಕೆ ಮಿಚಿಫ್ ಮೇಲೆ ಕೆಲಸ ಮಾಡಿದ ಪೀಟರ್ ಬಕ್ಕರ್ ಕೊಟ್ಟ ಉತ್ತರ ನನಗೆ ಇಷ್ಟ. ಕ್ರೀಯಲ್ಲಿ ಕ್ರಿಯಾಪದ ಅಂದರೆ ಒಂದು ಇಡೀ ರೈಲು, ಹಿಂದೆ ಮುಂದೆ ಬೋಗಿಗಳು. ಇಂಜಿನ್ ಮಾತ್ರ ಕಳಚಿ ಫ್ರೆಂಚ್ ಇಂಜಿನ್ ಹಾಕಲು ಆಗುವುದಿಲ್ಲ. ಹಾಗಾಗಿ ಕ್ರಿಯಾಪದ ಇಡಿಯಾಗಿ ಕ್ರೀ ಆಗಿಯೇ ಉಳಿಯಿತು, ನಾಮಪದಗಳು ಫ್ರೆಂಚ್ ಆದವು. ಅಪ್ಪಂದಿರು ತುಪ್ಪಳ ವ್ಯಾಪಾರಕ್ಕೆ ಬಂದ ಫ್ರೆಂಚರು, ತಾಯಂದಿರು ಕ್ರೀ ಆಡುವವರು, ಮಕ್ಕಳಿಗೆ ಎರಡೂ ಚೆನ್ನಾಗಿ ಬರುತ್ತಿತ್ತು. ಭಾಷೆ ಬರದೆ ಬೆರೆಸಿದ್ದಲ್ಲ ಅದು. ಪಿಜಿನ್‌ಗಳಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಪಿಜಿನ್ ಹುಟ್ಟುವುದು ಒಬ್ಬರ ಭಾಷೆ ಒಬ್ಬರಿಗೆ ಬರದಿದ್ದಾಗ.

---

ಬಿಟ್ಟುಬಂದವಳು ಉತ್ತರಿಸಿದ್ದು:

ಹೊಟ್ಟೆಪಾಡಿನ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಭಾಷಾ ಒಡನಾಟದ ಮೇಲೆಯೇ ಪಿಎಚ್‌ಡಿ ಮಾಡಿದೆ. ಆಮೇಲೆ ಎರಡು ವರ್ಷಕ್ಕೊಂದು ಕಡೆ, ಒಂದು ವರ್ಷಕ್ಕೊಂದು ಕಡೆ, ಪ್ರತಿ ಸಲ ಪೆಟ್ಟಿಗೆ ಕಟ್ಟುವುದು. ಕೊನೆಯ ಕಡೆ, ಹೆಸರು ಬೇಡ, ಖಾಯಂ ಮಾಡುತ್ತೇವೆ ಅಂತ ಬಾಯಲ್ಲಿ ಹೇಳಿ ಅವಧಿ ಮುಗಿದ ದಿನ ಇಮೇಲ್ ಅಕೌಂಟ್ ಮುಚ್ಚಿದರು. ಅಲ್ಲಿಗೆ ಸಾಕು ಅನ್ನಿಸಿತು.

ಈಗ ಮಾತನ್ನು ಬರಹಕ್ಕೆ ತಿರುಗಿಸುವ ಸಾಫ್ಟ್‌ವೇರ್ ಮಾಡುವ ಕಡೆ ಇದ್ದೇನೆ. ಜನ ಒಂದೇ ಉಸಿರಿನಲ್ಲಿ ಎರಡು ಭಾಷೆ ಆಡಿದರೆ ಯಂತ್ರ ತಡವರಿಸುತ್ತದೆ, ಅಲ್ಲಿ ನನ್ನಂಥವರು ಬೇಕು. ಪ್ರತ್ಯಯ ಯಾವ ಕಡೆಯದು, ಪದ ಯಾವ ಕಡೆಯದು ಅಂತ ಗುರುತು ಹಾಕುವ ನಿಯಮ ಬರೆಯುವುದು ನನ್ನ ಕೆಲಸ. ಮೌಸ್ಕೆನ್ 2000ದಲ್ಲಿ ಮಾಡಿದ ಮೂರು ವಿಂಗಡಣೆ (ಒಂದರೊಳಗೆ ಇನ್ನೊಂದರ ಪದ ತೂರಿಸುವುದು, ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಹಾರುವುದು, ವ್ಯಾಕರಣ ಹೋಲುವ ಕಡೆ ಎರಡರ ಪದವನ್ನೂ ಮನಸ್ಸಿಗೆ ಬಂದಂತೆ ಹಾಕುವುದು) ಈಗಲೂ ವಾರಕ್ಕೊಮ್ಮೆಯಾದರೂ ನನ್ನ ಮೀಟಿಂಗಿನಲ್ಲಿ ಬರುತ್ತದೆ. ಸಹೋದ್ಯೋಗಿಗಳು ಅದನ್ನು ನಾನೇ ಕಂಡುಹಿಡಿದದ್ದು ಅಂದುಕೊಂಡಿದ್ದಾರೆ. ಒಂದೆರಡು ಸಲ ತಿದ್ದಿದೆ, ಈಗ ಬಿಟ್ಟಿದ್ದೇನೆ.

ಪಶ್ಚಾತ್ತಾಪ ಇದೆಯಾ ಅಂದರೆ, ಫೀಲ್ಡ್ ಬಿಟ್ಟಿದ್ದಕ್ಕೆ ಇದೆ, ವಿಶ್ವವಿದ್ಯಾಲಯ ಬಿಟ್ಟಿದ್ದಕ್ಕೆ ಇಲ್ಲ. ಮಾಡಿ, ಆದರೆ ಕೋಡ್ ಬರೆಯುವುದು, ಅಂಕಿಅಂಶ ನೋಡುವುದು ಮೊದಲ ವರ್ಷದಿಂದಲೇ ಕಲಿಯಿರಿ. ಪ್ರಬಂಧಕ್ಕೂ ಬೇಕು, ಬಿಟ್ಟು ಬಂದರೂ ಬೇಕು.

---

ಎರಡುದೋಣಿ ಉತ್ತರಿಸಿದ್ದು:

ಎಲ್ಲರಿಗೂ ಥ್ಯಾಂಕ್ಸ್. 'ಕಮ್ಮುತ್ತಿದ್ದೇನೆ' ಓದಿ ಲೈಬ್ರರಿಯಲ್ಲಿ ಜೋರಾಗಿ ನಕ್ಕು ಬೈಸಿಕೊಂಡೆ. ಒಂದು ಅನುಮಾನ ಉಳಿದಿದೆ ಸರ್. ಕುಪ್ವಾರ್ ಹಳ್ಳಿಯದು ಎಲ್ಲ ಪುಸ್ತಕದಲ್ಲೂ ಬರುತ್ತದಲ್ಲ, ಕನ್ನಡ ಇರುವ ಜಾಗ, ಅದನ್ನು ಯಾಕೆ ಮಿಶ್ರ ಭಾಷೆ ಪಟ್ಟಿಯಲ್ಲಿ ಹಾಕುವುದಿಲ್ಲ?

---

ಹಳೇರೆಕಾರ್ಡರ್ ಉತ್ತರಿಸಿದ್ದು:

ಒಳ್ಳೆಯ ಪ್ರಶ್ನೆ, ಯಾಕೆಂದರೆ ಕುಪ್ವಾರ್ ಮೀಡಿಯಾ ಲೆಂಗುವಾಕ್ಕೆ ಸರಿಯಾಗಿ ತಲೆಕೆಳಗು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿ, ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದದ್ದು. ಕನ್ನಡ, ಮರಾಠಿ, ಉರ್ದು ಮೂರೂ ಅಕ್ಕಪಕ್ಕ, ಸ್ವಲ್ಪ ತೆಲುಗೂ ಇತ್ತು. ಮನೆಯೊಳಗೆ ಅವರವರ ಭಾಷೆ, ಹೊರಗೆ ಎಲ್ಲರಿಗೂ ಎರಡು ಮೂರು ಭಾಷೆ. ಅಲ್ಲಿ ಪದಗಳು ಬಹುಮಟ್ಟಿಗೆ ಅವರವರವೇ ಉಳಿದವು, ವ್ಯಾಕರಣದ ಅಚ್ಚು ಒಂದೇ ಆಯಿತು. ನಾವು 'ಇದು ನಿಮ್ಮ ಮನೆ' ಅಂದು ನಿಲ್ಲಿಸುತ್ತೇವೆ, ಕೊನೆಗೆ ಏನೂ ಬೇಕಿಲ್ಲ. ಕುಪ್ವಾರ್ ಕನ್ನಡದಲ್ಲಿ 'ಇದ್ ನಿಮ್ ಮನಿ ಐತಿ', ಉರ್ದುವಿನ 'ಹೈ' ಕೂರುವ ಜಾಗದಲ್ಲಿ 'ಐತಿ'. ಇದು ಒಂದೇ ದಿಕ್ಕಿಗೆ ಹೋದದ್ದಲ್ಲ. ಬೇರೆ ಕಡೆ ಉರ್ದುವಿನಲ್ಲಿ ನದಿ ಸ್ತ್ರೀಲಿಂಗ, 'ನದಿ ಆಯೀ'. ಕುಪ್ವಾರ್ ಉರ್ದುವಿನಲ್ಲಿ 'ನದಿ ಆಯಾ'. ಕನ್ನಡದ ಲೆಕ್ಕ ಅದು, ಮನುಷ್ಯರಿಗೆ ಮಾತ್ರ ಗಂಡು ಹೆಣ್ಣು, ಉಳಿದದ್ದೆಲ್ಲ ಒಂದೇ ಗುಂಪು.

ಹಾಗಾಗಿ ಅಲ್ಲಿ ಮೂರು ಭಾಷೆ ಮೂರಾಗಿಯೇ ಇವೆ, ಹೊಸದೊಂದು ಹುಟ್ಟಲಿಲ್ಲ. ತಾವು ಯಾವ ಗುಂಪಿನವರು ಅಂತ ಹೇಳಲು ಅಲ್ಲಿನವರಿಗೆ ಪದಗಳೇ ಸಾಕಾಗಿದ್ದವು. ಮಿಚಿಫ್ ಆಡಿದವರಿಗೆ ತಾವು ಫ್ರೆಂಚರೂ ಅಲ್ಲ, ಕ್ರೀಗಳೂ ಅಲ್ಲ ಅನ್ನುವುದನ್ನು ಹೇಳಬೇಕಿತ್ತು. ಇದು ನನ್ನ ಅಭಿಪ್ರಾಯ, ಒಪ್ಪದವರು ಬಹಳ ಇದ್ದಾರೆ. ಲೈಟ್ ವಾರ್ಲ್‌ಪಿರಿಯನ್ನೇ ನೋಡಿ, ಅಲ್ಲಿ ಯಾರೂ ಬೇಕು ಅಂತ ಏನೂ ಮಾಡಲಿಲ್ಲ. ದೊಡ್ಡವರು ಕೂಸುಗಳ ಜೊತೆ ಬೆರೆಸಿ ಮಾತಾಡಿದರು, ಕೂಸುಗಳು ಅದನ್ನೇ ಭಾಷೆ ಅಂದುಕೊಂಡವು, ಆಮೇಲೆ ತಾವೇ ಒಂದಷ್ಟು ಸೇರಿಸಿದವು. ಇಂಗ್ಲಿಷಿನ 'ಐಮ್'ನ 'ಮ್' ಬಿಡಿಸಿಕೊಂಡು 'ಯು' ಜೊತೆಗೂ ಅಂಟಿಸಿ 'ಯುಮ್' ಮಾಡಿದರು. ಅದು ಈಗ ಆಗುತ್ತಿರುವುದಕ್ಕೂ ಆಗಿಹೋದದ್ದಕ್ಕೂ ಬರುತ್ತದೆ, ಮುಂದೆ ಆಗುವುದಕ್ಕೆ ಬರುವುದಿಲ್ಲ. ವಾರ್ಲ್‌ಪಿರಿಯಲ್ಲಿ ಹಾಗಿಲ್ಲ, ಇಂಗ್ಲಿಷಿನಲ್ಲೂ ಇಲ್ಲ, ಕ್ರಿಯೋಲ್‌ನಲ್ಲೂ ಇಲ್ಲ.

ಅರ್ಜಿ ಬರೆಯುವ ಮೊದಲು ಒಂದು ಕೆಲಸ ಮಾಡಿ. ಇಬ್ಬರು ಸ್ನೇಹಿತರನ್ನು ಕೇಳಿ, ಒಪ್ಪಿಗೆ ಪಡೆದು, ಹತ್ತು ನಿಮಿಷ ಅವರ ಹರಟೆ ರೆಕಾರ್ಡ್ ಮಾಡಿ. ಪ್ರತಿ ಪದ, ಪ್ರತಿ ಪ್ರತ್ಯಯ ಬಿಡಿಸಿ ಎರಡು ಕಾಲಂನಲ್ಲಿ ಹಾಕಿ, ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ. ಈ ಕೆಲಸ ಬೇಸರ ತರಿಸಿದರೆ ಈ ದಾರಿ ಬೇಡ. ಜೊತೆಗೆ ಪಿಜಿನ್, ಕ್ರಿಯೋಲ್‌ಗಳ ಅಟ್ಲಾಸ್ ಆನ್‌ಲೈನಿನಲ್ಲಿ ಉಚಿತವಾಗಿದೆ, 76 ಭಾಷೆ, ಮಿಚಿಫ್, ಮೀಡಿಯಾ ಲೆಂಗುವಾ, ಗುರಿಂಜಿ ಕ್ರಿಯೋಲ್ ಎಲ್ಲ ಇವೆ, ಧ್ವನಿಯೂ ಕೇಳಬಹುದು.

---

ಎರಡುದೋಣಿ ಉತ್ತರಿಸಿದ್ದು:

ಸರ್, ಮಾಡಿದೆ. ಹತ್ತು ನಿಮಿಷಕ್ಕೆ ನಾಲ್ಕು ದಿನ ಹಿಡಿಯಿತು, ಬೇಸರ ಆಗಲಿಲ್ಲ. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಗೆಳೆಯ 'ಸುಮ್ನೆ ಟೆನ್ಶನ್ ಮಾಡ್ಕೋಬೇಡ, ಅವನು ಫುಲ್ ಸೈಲೆಂಟಾಗಿ ಎಸ್ಕೇಪ್' ಅಂತಾನೆ. ಟೆನ್ಶನ್ ಮಾಡಿಕೊಳ್ಳುವುದು ಇಂಗ್ಲಿಷಿನಲ್ಲಿ ಇಲ್ಲ. 'ಎಸ್ಕೇಪ್' ಇಲ್ಲಿ ಕ್ರಿಯಾಪದವೇ ಇಲ್ಲದೆ ವಾಕ್ಯ ಮುಗಿಸಿದೆ, ಇಂಗ್ಲಿಷಿನವನು ಹಾಗೆ ಹೇಳುವುದಿಲ್ಲ, ಕನ್ನಡ ಅಂತ ಬರೆಯಲು ಕೈ ಬರುತ್ತಿಲ್ಲ. ಇಂಥವು ಇಪ್ಪತ್ತಮೂರು ಸಿಕ್ಕಿವೆ. ಯಾವ ಕಾಲಂಗೆ ಹಾಕಲಿ?

---

ಹಳೇರೆಕಾರ್ಡರ್ ಉತ್ತರಿಸಿದ್ದು:

ಮೂರನೇ ಕಾಲಂ ಮಾಡಿ. ಮೊದಲೇ ಹೇಳಬಹುದಿತ್ತು, ಬೇಕಂತಲೇ ಹೇಳಲಿಲ್ಲ. ಆ ಇಪ್ಪತ್ತಮೂರನ್ನು ನನಗೆ ಕಳಿಸಿ.